ಹಸಿರು ಅಂಗಿಯವರ ವಾರ

ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರ ಮೀಸಲು ಪ್ರದೇಶದ ಮಕ್ಕಳು ಬೇಸಿಗೆಯ ವಾರಗಳನ್ನು ಅಂಗಿಯ ಬಣ್ಣದಿಂದ ಗುರುತಿಸುತ್ತಾರೆ. ಜೂನ್ ಬಂತೆಂದರೆ ದೂರದ ಊರುಗಳಿಂದ ಸ್ವಯಂಸೇವಕರ ತಂಡಗಳು ವ್ಯಾನಿನಲ್ಲಿ ಬಂದಿಳಿಯುತ್ತವೆ. ಒಂದೊಂದು ತಂಡಕ್ಕೂ ಒಂದೊಂದು ಬಣ್ಣದ ಅಂಗಿ. ಆ ವರ್ಷ ಹಳದಿಯವರು ನಮ್ಮ ಯುವ ಕೇಂದ್ರದ ಗೋಡೆಗೆ ಬಣ್ಣ ಬಳಿದು ಹೋದರು. ನೇರಳೆಯವರು ವಯಸ್ಸಾದವರ ಮನೆಗಳಿಗೆ ಮೆಟ್ಟಿಲು ಕಟ್ಟಿಕೊಟ್ಟರು. ಕಿತ್ತಳೆಯವರು ಏನು ಮಾಡಿದರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಆದರೆ ಹೊರಡುವಾಗ ತುಂಬ ಅತ್ತರು.

ಕೇಂದ್ರ ನೋಡಿಕೊಳ್ಳುವವಳು ನಾನು, ರೋಡಾ. ಯಾವ ತಂಡಕ್ಕೆ ಯಾವ ಕೆಲಸ ಎಂದು ಗೊತ್ತುಮಾಡುವುದೂ ನನ್ನದೇ ತಲೆನೋವು. ಆದ್ದರಿಂದ ಹಸಿರು ಅಂಗಿಯವರ ವಾರದಲ್ಲಿ ನಡೆದದ್ದಕ್ಕೆ ಮೊದಲ ತಪ್ಪು ನನ್ನದೇ.

ಹಸಿರು ತಂಡದ ಹಿರಿಯರು ಮಿನೆಸೋಟದ ಲೈಲ್ ಟ್ವೀಟನ್, ಅರವತ್ತೆಂಟು ವರ್ಷ. ಮೇ ತಿಂಗಳಲ್ಲಿ ಫೋನ್ ಮಾಡಿದ್ದರು. ಗಾಳಿ ಎದ್ದರೆ ನಮ್ಮ ಕಡೆ ಫೋನು ಅರ್ಧ ಮಾತು ನುಂಗಿಬಿಡುತ್ತದೆ. ಅವರು ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇವೆ ಅಂದರು. ನನಗೆ ಬ್ಯಾಸ್ಕೆಟ್‌ಬಾಲ್ ಕಳಿಸುತ್ತೇವೆ ಎಂದು ಕೇಳಿಸಿತು. ಇರುವ ಚೆಂಡುಗಳೆಲ್ಲ ಬೋಳಾಗಿದ್ದವು. ಖಂಡಿತ ಆಗಲಿ, ಮಕ್ಕಳಿಗೆ ಅದರದೇ ಕೊರತೆ ಎಂದುಬಿಟ್ಟೆ.

ನಮ್ಮಲ್ಲಿ ಮನೆಯ ಬಾಗಿಲು ಮುರಿದು ಬಿದ್ದಿದ್ದರೂ ಅಂಗಳದ ಕಂಬದಲ್ಲಿ ಬ್ಯಾಸ್ಕೆಟ್‌ಬಾಲಿನ ರಿಂಗು ನೆಟ್ಟಗಿರುತ್ತದೆ. ಮಕ್ಕಳು ನಡೆಯುವ ಮೊದಲೇ ಚೆಂಡು ಪುಟಿಸುತ್ತವೆ. ಸೋಮವಾರ ಬೆಳಿಗ್ಗೆ ಕೇಂದ್ರದ ಅಂಕಣದಲ್ಲಿ ಸಾಲಾಗಿ ಕೂತಿದ್ದ ಒಂಬತ್ತು ಹುಡುಗಿಯರಂತೂ ಹಿಂದಿನ ಚಳಿಗಾಲದಲ್ಲಿ ಹನ್ನೆರಡು ಊರಿನ ತಂಡಗಳನ್ನು ಮಣ್ಣುಮುಕ್ಕಿಸಿದ್ದವರು. ಅವರ ನಾಯಕಿ ಟೇರಿನ್ ಐರನ್ ವಿಂಗ್ ಹದಿನಾರರ ಹುಡುಗಿ. ಮಾರ್ಚಿನಲ್ಲಿ ಒಂದೇ ಪಂದ್ಯದಲ್ಲಿ ಮೂವತ್ನಾಲ್ಕು ಅಂಕ ಹೊಡೆದಿದ್ದಳು.

ಲೈಲ್ ಹುಡುಗಿಯರ ಮುಂದೆ ನಿಂತು ಚೆಂಡನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದರು. ಇದು ಬ್ಯಾಸ್ಕೆಟ್‌ಬಾಲ್, ಇದಕ್ಕೆ ಹೆದರಬೇಕಾಗಿಲ್ಲ ಎಂದರು.

ನಾನು ಬಾಯಿ ತೆರೆಯುವ ಮೊದಲೇ ಟೇರಿನ್ ಕೈ ಎತ್ತಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಸರ್, ಇದು ಯಾವಾಗ್ಲೂ ಇಷ್ಟು ದುಂಡಗೇ ಇರುತ್ತಾ?"

ಅಲ್ಲಿಂದ ಶುರುವಾಯಿತು. ಉಳಿದ ಎಂಟು ಮಂದಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಬ್ಬಳು ಚೆಂಡನ್ನು ಕಾಲಿನ ಮೇಲೆ ಹಾಕಿಕೊಂಡಳು. ಇನ್ನೊಬ್ಬಳು ರಿಂಗಿಗೆ ಬೆನ್ನು ತಿರುಗಿಸಿ ನಿಂತು, ಎಲ್ಲಿಗೆ ಎಸೆಯಬೇಕು ಎಂದು ಕೇಳಿದಳು. ಲೈಲ್ ಸ್ವಲ್ಪವೂ ಬೇಸರಪಡಲಿಲ್ಲ. ಮೊಣಕಾಲು ನೋವಿನಲ್ಲೂ ಬಗ್ಗಿ ಕೂತು ಒಬ್ಬೊಬ್ಬಳ ಬೆರಳನ್ನೂ ಚೆಂಡಿನ ಮೇಲೆ ಸರಿಯಾಗಿ ಇಡಿಸಿದರು. ಸಂಜೆ ನನ್ನ ಹತ್ತಿರ ಬಂದು, ಆ ಎತ್ತರದ ಹುಡುಗಿಯಲ್ಲಿ ಏನೋ ಇದೆ, ಇವತ್ತು ಹಲಗೆಗೆ ತಾಗುವ ಹಾಗೆ ಎಸೆದಳು ಎಂದು ಪಿಸುಗುಟ್ಟಿದರು. ಆ ಖುಷಿಯನ್ನು ಹೆಂಡತಿಗೂ ಫೋನ್ ಮಾಡಿ ತಿಳಿಸಿದ್ದರಂತೆ. ನಾನು ಅಡುಗೆಮನೆಗೆ ಓಡಿ ಹಿಟ್ಟಿನ ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ. ಹೇಳಬೇಕಿತ್ತು. ಹೇಳಲಿಲ್ಲ.

ಕೇಂದ್ರದಲ್ಲಿ ಮಧ್ಯಾಹ್ನದ ಅಡುಗೆ ಮಾಡುವವರು ಟೇರಿನ್‌ಳ ಅಜ್ಜಿ ವೆಲ್ಡಾ. ಊರಿಗೆಲ್ಲ ಅವರು ಉಂಚಿ, ಅಂದರೆ ಅಜ್ಜಿಯೇ. ಇವರಾದರೂ ಹುಡುಗಿಯರಿಗೆ ಬುದ್ಧಿ ಹೇಳುತ್ತಾರೆಂದು ಕಾದೆ. ಬುಧವಾರ ಉಂಚಿ ರೊಟ್ಟಿ ಕರಿಯುವುದನ್ನು ಬಿಟ್ಟು ಬಂದು ಐದು ನಿಮಿಷ ಅಭ್ಯಾಸ ನೋಡಿದರು. ಆಮೇಲೆ ಲೈಲ್ ಅವರ ತೋಳು ಮುಟ್ಟಿ, ನಮ್ಮ ವಂಶದಲ್ಲೇ ಕೈ ಸ್ವಲ್ಪ ಡೊಂಕು, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಒಲೆಯ ಕಡೆ ಹೋದರು.

ಲೈಲ್ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಮಕ್ಕಳ ಪ್ರಗತಿಯನ್ನು ಮನೆಯವರು ಕಣ್ಣಾರೆ ನೋಡಿದರೆ ಧೈರ್ಯ ಬರುತ್ತದೆ ಎಂದುಕೊಂಡು ಗುರುವಾರ ಸಂಜೆ ಒಂದು ಪಂದ್ಯ ಇಟ್ಟರು: ಹುಡುಗಿಯರ ಎದುರು ಹಸಿರು ಅಂಗಿಯವರು. ಚೆಂಡು ಮೆಲ್ಲಗೆ ಎಸೆಯಿರಿ, ಎರಡು ಮೂರು ಸಲವಾದರೂ ಅವರ ಚೆಂಡು ರಿಂಗಿಗೆ ಬೀಳಲಿ ಎಂದು ತಮ್ಮವರಿಗೆ ಗುಟ್ಟಾಗಿ ತಾಕೀತು ಮಾಡಿದರು.

ಸುದ್ದಿ ನಲವತ್ತು ಮೈಲಿ ಹಬ್ಬಿತ್ತು. ಸಂಜೆ ಐದಕ್ಕೆ ಅಂಕಣದ ಸುತ್ತ ಕಾಲಿಡಲು ಜಾಗವಿಲ್ಲ. ಪಕ್ಕದ ಊರಿನ ಡೋಲು ತಂಡವೂ ಬಂದಿತ್ತು. ಕುದುರೆಯಿಂದ ಬಿದ್ದು ಕತ್ತಿನಿಂದ ಕೈ ತೂಗುಹಾಕಿಕೊಂಡಿದ್ದ ಡೆಲ್ಮರ್ ಮೈಕು ಹಿಡಿದು ಕೂತ. ನನ್ನ ಚಿಕ್ಕಪ್ಪನ ಮಗ. ಅವನ ಬಾಯಿಗೆ ಕಟ್ಟು ಹಾಕಲು ಇನ್ನೂ ಯಾವ ಡಾಕ್ಟರಿಗೂ ಆಗಿಲ್ಲ.

ಮೊದಲ ನಿಮಿಷದಲ್ಲೇ ಹುಡುಗಿಯರು ಹನ್ನೊಂದು ಅಂಕ ಹೊಡೆದರು. ಟೇರಿನ್ ನೋಡುವುದು ಒಂದು ಕಡೆ, ಚೆಂಡು ಹೋಗುವುದು ಇನ್ನೊಂದು ಕಡೆ. ಹಸಿರು ತಂಡದ ದಪ್ಪ ದಂತವೈದ್ಯರೊಬ್ಬರು ಚೆಂಡನ್ನು ಹುಡುಕುತ್ತಾ ತಮ್ಮ ಸುತ್ತ ತಾವೇ ಎರಡು ಸುತ್ತು ಬಂದರು. ಅವರಿಗೆ ಡೆಲ್ಮರ್ 'ಹಲ್ಲು ಬೀಳಿಸೋ ಎಮ್ಮೆ' ಎಂದು ಮೈಕಿನಲ್ಲೇ ಹೆಸರಿಟ್ಟ. ಲೈಲ್ ನಡು ಅಂಕಣದಲ್ಲಿ ಬಾಯಿ ತೆರೆದು ನಿಂತಿದ್ದರು. ಕೊನೆಗೆ ಅರವತ್ತೆಂಟಕ್ಕೆ ಆರು. ಆ ಆರಕ್ಕೇ ಜನ ಹೆಚ್ಚು ಕೂಗಿದ್ದು.

ಲೈಲ್ ಎಲ್ಲರ ಜೊತೆ ನಕ್ಕರು, ಒಂಬತ್ತೂ ಮಂದಿಯ ಕೈ ಕುಲುಕಿದರು. ಆದರೆ ಊಟಕ್ಕೆ ಕೂತಾಗ ಅವರು ಕಾಣಲಿಲ್ಲ. ನಾನು, ಉಂಚಿ, ಟೇರಿನ್ ಹುಡುಕಿಕೊಂಡು ಹೊರಗೆ ಬಂದೆವು. ವ್ಯಾನಿನ ಚಾಲಕನ ಸೀಟಿನಲ್ಲಿ ಒಬ್ಬರೇ ಕೂತಿದ್ದರು.

ಟೇರಿನ್ ಕಿಟಕಿಯ ಹತ್ತಿರ ಹೋಗಿ, "ತಾತ, ಕೋಪನಾ?" ಎಂದಳು.

"ಕೋಪ ಅಲ್ಲಮ್ಮ. ಮೂರು ದಿನ ನಿನಗೆ ಬೆರಳು ಎಲ್ಲಿಡಬೇಕು ಅಂತ ಹೇಳಿಕೊಟ್ಟಿದ್ದೀನಿ. ಇಷ್ಟು ದೂರ ಬಂದು ಯಾವ ಉಪಯೋಗಕ್ಕೂ ಬರಲಿಲ್ಲ ನಾನು."

ಅವಳು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು. "ಒಂದೇ ದಿನ ಮಾಡೋಣ ಅಂತಿದ್ವಿ. ಆದ್ರೆ ನಮ್ಮ ಕೋಚ್ ಇದ್ದಾರಲ್ಲ, ಚೆಂಡು ತಪ್ಪಿದ್ರೆ ಉಗೀತಾರೆ. ನೀವು ಮಾತ್ರ, ಎಷ್ಟು ತಪ್ಪಿದ್ರೂ ಪರವಾಗಿಲ್ಲ ಪುಟ್ಟಾ, ಅಂತಿದ್ರಿ. ಅದು ಕೇಳೋಕೆ ಚೆನ್ನಾಗಿತ್ತು. ಅದಕ್ಕೇ ಮಂಗಳವಾರನೂ ತಪ್ಪಿದ್ವಿ."

ಲೈಲ್ ಸ್ಟೇರಿಂಗ್ ಸವರಿದರು. ಆಗ ಉಂಚಿ ಮುಂದೆ ಬಂದರು. "ಕಿತ್ತಳೆ ಅಂಗಿಯೋರು ಒಂದು ವಾರ ಇದ್ರಪ್ಪ. ಅವರ ಹತ್ರ ನಾವೆಲ್ಲ ಎಷ್ಟು ಮರ್ಯಾದೆಯಿಂದ ಇದ್ವಿ ಗೊತ್ತಾ? ಒಬ್ಬರ ಹೆಸರೂ ಈಗ ನೆನಪಿಲ್ಲ. ಗೋಳು ಹುಯ್ಕೊಳೋದು ನಮ್ಮೋರನ್ನ ಮಾತ್ರ." ಆಮೇಲೆ, ಚೆಂಡು ಬಿಟ್ಟು ಬೇರೆ ಏನಾದರೂ ಬರುತ್ತಾ ನಿಮಗೆ ಎಂದು ನೇರವಾಗಿ ಕೇಳಿದರು.

"ಶಾಲೆ ಬಸ್ಸು ಓಡಿಸ್ತಿದ್ದೆ. ಮೂವತ್ತೊಂದು ವರ್ಷ. ಲೈಸೆನ್ಸ್ ಇನ್ನೂ ಇದೆ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶನಿವಾರ ರ‍್ಯಾಪಿಡ್ ಸಿಟಿಯಲ್ಲಿ ಪಂದ್ಯಾವಳಿ. ಬಸ್ಸು ಕೇಂದ್ರದ ಹಿಂದೆಯೇ ನಿಂತಿತ್ತು. ಅದನ್ನು ಓಡಿಸುವ ಲೈಸೆನ್ಸ್ ಇದ್ದ ಒಬ್ಬನೇ ಒಬ್ಬ ಡೆಲ್ಮರ್ ಕೈ ಮುರಿದುಕೊಂಡಿದ್ದ. ಹುಡುಗಿಯರು ಆಸೆ ಬಿಟ್ಟು ಹತ್ತು ದಿನವಾಗಿತ್ತು. ಬೇಜಾರು ಕಳೆಯಲು ಕೈಗೆ ಸಿಕ್ಕವರು ಲೈಲ್. ಇದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ವ್ಯಾನಿನಿಂದ ಇಳಿದು, ಬಸ್ಸು ಎಲ್ಲಿದೆ ತೋರಿಸಿ ಎಂದರು. ಮೂರು ದಿನ ಕುಂಟುತ್ತಿದ್ದ ಮನುಷ್ಯ ನಮಗಿಂತ ಮುಂದೆ ನಡೆದರು.

ಶುಕ್ರವಾರವಿಡೀ ಅವರು ಬಸ್ಸಿನ ಅಡಿಯಲ್ಲೇ ಇದ್ದರು. ದಂತವೈದ್ಯರು ಪಕ್ಕದಲ್ಲಿ ಕೂತು, ಕೇಳಿದ ಸ್ಪ್ಯಾನರನ್ನು ಆಸ್ಪತ್ರೆಯ ಶಿಸ್ತಿನಲ್ಲಿ ಕೈಗಿಟ್ಟರು. ಶನಿವಾರ ಬೆಳಿಗ್ಗೆ ಎಲ್ಲರೂ ಕೂತಿದ್ದಾರೆಂದು ಎಣಿಸಿ, ಮತ್ತೊಮ್ಮೆ ಎಣಿಸಿ, ಲೈಲ್ ಬಸ್ಸು ಹೊರಡಿಸಿದರು. ಡೆಲ್ಮರ್‌ನ ಓಟಕ್ಕೆ ಒಗ್ಗಿದ್ದ ಹುಡುಗಿಯರು, ಬಸ್ಸು ಚಲಿಸುತ್ತಿದೆಯೋ ಹುಲ್ಲುಗಾವಲೇ ಹಿಂದೆ ಹೋಗುತ್ತಿದೆಯೋ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ದಾರಿಯಲ್ಲಿ ಕುದುರೆಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಮೊದಲ ಪಂದ್ಯಕ್ಕೆ ನಾಲ್ಕು ನಿಮಿಷವಿರುವಾಗ ತಲುಪಿದೆವು.

ಎರಡು ಪಂದ್ಯ ಗೆದ್ದರು, ಫೈನಲ್‌ನಲ್ಲಿ ಒಂದು ಅಂಕದಿಂದ ಸೋತರು. ಕೊನೆಯ ಎಸೆತ ಟೇರಿನ್‌ಳದು; ಚೆಂಡು ರಿಂಗಿನ ಮೇಲೆ ಎರಡು ಸುತ್ತು ತಿರುಗಿ ಹೊರಗೆ ಬಿತ್ತು.

ವಾಪಸು ಬರುವಾಗ ಹುಡುಗಿಯರು ಶೂ ಕೂಡ ಬಿಚ್ಚದೆ ಸೀಟಿಗೆ ಒರಗಿದ್ದರು. ಟೇರಿನ್ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಹೊತ್ತಿನ್ನೂ ಮುಳುಗಿರಲಿಲ್ಲ. ನಮ್ಮ ಎಲ್ಲೆಯ ಹತ್ತಿರ ಹಳೆಯ ರೈಲು ಹಳಿ ಅಡ್ಡ ಬಂತು. ಲೈಲ್ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ತಲೆ ಹೊರಚಾಚಿ ಕಿವಿಗೊಟ್ಟರು. ಹಳಿಯ ಮಧ್ಯೆ ಮೊಳಕಾಲೆತ್ತರ ಹುಲ್ಲು ಬೆಳೆದಿತ್ತು. ಇಲ್ಲಿ ಇಪ್ಪತ್ತು ವರ್ಷದಿಂದ ರೈಲೇ ಬಂದಿಲ್ಲ ಎಂದೆ. ಹಳಿ ಇರುವವರೆಗೂ ಬಸ್ಸು ನಿಲ್ಲಿಸಬೇಕು, ಅದು ನಿಯಮ ಎಂದರು.

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಟೇರಿನ್ ಎದ್ದು ಮೆಟ್ಟಿಲಿಳಿದು ಹಳಿಗೆ ಕಿವಿಯಿಟ್ಟು ಮಲಗಿದಳು. ಲೈಲ್ ಅವಸರಪಡಿಸದೆ ಕಾದರು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಮೈ ಕೊಡವಿಕೊಂಡು, "ರೈಲು ಶಿಕಾಗೋ ಬಿಟ್ಟಿದೆ ತಾತ, ಬೇಗ ದಾಟಿಸಿ" ಎಂದಳು. ಲೈಲ್ ತಲೆದೂಗಿ ಗೇರು ಹಾಕಿದರು. ಬಸ್ಸಿಗೆ ಬಸ್ಸೇ ನಗುತ್ತಾ ಊರು ಸೇರಿತು.

ಭಾನುವಾರ ಹಸಿರು ಅಂಗಿಯವರು ಹೊರಟರು. ಲೈಲ್ ಆಗಸ್ಟ್‌ವರೆಗೆ ಉಳಿದರು, ಇನ್ನೂ ಮೂರು ಪಂದ್ಯಾವಳಿಗಳಿಗೆ ಬಸ್ಸು ಓಡಿಸಿದರು. ಆಗಸ್ಟ್‌ನ ಕೊನೆಯ ಭಾನುವಾರ ಅವರ ಹೆಂಡತಿ ನನಗೆ ಫೋನ್ ಮಾಡಿ, ಈ ಮನುಷ್ಯ ಯಾವಾಗ ಮನೆಗೆ ಬರುತ್ತಾನೆ ಎಂದು ವಿಚಾರಿಸಿದರು. ಇಂದು ಬೆಳಿಗ್ಗೆಯೇ ಬಾಡಿಗೆ ಕಾರು ಓಡಿಸಿಕೊಂಡು ಹೊರಟರು, ಒಂದು ದಿನದ ದಾರಿಯಲ್ಲವೇ ಎಂದೆ. ಅವರೇ ಓಡಿಸುತ್ತಿದ್ದರೆ ಬುಧವಾರಕ್ಕೆ ಅಡುಗೆ ಮಾಡಿದರೆ ಸಾಕು ಎಂದು ಅವರು ಫೋನಿಟ್ಟರು.