ಬಂಡೆಯ ಸಮೇತ ಬಂದ ಗಿಡ

ಚಿಗುರಕ್ಕನ ಕೈಗುಣ ಎಂಥದ್ದೆಂದರೆ, ಆಕೆ ಮೂಲೆಗೆ ಆನಿಸಿಟ್ಟ ಪೊರಕೆ ಬೆಳಗಾಗುವಷ್ಟರಲ್ಲಿ ಬೇರು ಬಿಟ್ಟಿತ್ತಂತೆ. ಗುಡಿಸಬೇಕೆಂದು ಎಳೆದರೆ ಹಾಸುಗಲ್ಲೂ ಜೊತೆಗೇ ಎದ್ದು ಬಂತಂತೆ. ಸಸಿ ಮಾರುವ ಅವಳ ಅಂಗಡಿಯಲ್ಲಿ ಕೊಡೆ ಮರೆತು ಹೋದವರು ಓಡೋಡಿ ವಾಪಸು ಬರುತ್ತಿದ್ದರು, ಎಲ್ಲಿ ಚಿಗುರಿಬಿಡುತ್ತದೋ ಎಂದು.

ಇಂಥವಳಿಗೂ ಒಲಿಯದ ಗಿಡ ಒಂದಿತ್ತು. ಊರಾಚೆಯ ಬೋಳುಗುಡ್ಡದಲ್ಲಿ, ಬಂಡೆಯ ಬಿರುಕಿನಲ್ಲಿ ಬೆಳೆಯುವ ಗೇಣುದ್ದದ ನೇರಳೆ ಹೂವಿನ ಗಿಡ. ಮೂರು ಸಲ ಕಿತ್ತು ತಂದಿದ್ದಳು. ಕೆಂಪುಮಣ್ಣು, ಗೊಬ್ಬರ, ಎರಡು ಹೊತ್ತು ನೀರು. ಹೆತ್ತ ಮಗಳಿಗೂ ಅಷ್ಟು ಆರೈಕೆ ಮಾಡಿರಲಿಲ್ಲ. ಮೂರೂ ಗಿಡ ವಾರದೊಳಗೆ ಕೊಳೆತವು. ಈಗ ಗುಡ್ಡದಲ್ಲಿ ಉಳಿದಿದ್ದು ಒಂದೇ ಒಂದು ಬುಡ. ರಸ್ತೆಗೆಂದು ಗುಡ್ಡ ಒಡೆಯುವ ಯಂತ್ರ ಸೋಮವಾರ ಬರುವುದಿತ್ತು. ‘ಮೂರನ್ನು ನಾನು ತಿಂದೆ, ನಾಲ್ಕನೆಯದನ್ನು ಯಂತ್ರ ತಿನ್ನುತ್ತದೆ’ ಎಂದು ಅವಳಿಗೆ ಅನ್ನ ಇಳಿಯಲಿಲ್ಲ.

ಅವಳ ಅಕ್ಕನ ಗಂಡ ಕಲ್ಲುಕುಟಿಗ. ಬಂಡೆಗೆ ಕಿವಿಗೊಟ್ಟು ಅದರ ವಯಸ್ಸು ಹೇಳುತ್ತೇನೆ ಎನ್ನುವ ಆಸಾಮಿ. ಹೆಂಡತಿಯ ವಯಸ್ಸು ಕೇಳಿದರೆ ಮಾತ್ರ ಮೆಲ್ಲಗೆ ಜಾರಿಕೊಳ್ಳುತ್ತಿದ್ದ.

“ಭಾವ, ಬೇರು ಹರೀದ ಹಾಗೆ ಅದನ್ನ ಕಿತ್ತುಕೊಡಿ.”

“ಕಿತ್ತೂ ಕಿತ್ತೂ ಮೂರು ಮುಗಿಸಿದ್ಯಲ್ಲ, ಮಹಾತಾಯಿ! ಅದು ಕಲ್ಲನ್ನ ಬಿಟ್ಟು ಬರಲ್ಲ. ಕಲ್ಲನ್ನೇ ತರೋಣ.”

“ಕಲ್ಲನ್ನಾ? ಆನೆ ಗಾತ್ರ ಇದೆ!”

“ಇಡೀ ಆನೆ ಯಾಕೆ? ಕಿವಿ ಸಾಕು.”

ಶುಕ್ರವಾರ ಇಬ್ಬರೂ ಗುಡ್ಡ ಹತ್ತಿದರು. ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಬೇರು ಅದುರಿ ಹೋದೀತು. ಅದಕ್ಕೇ ಭಾವ ಗಿಡದಿಂದ ಒಂದು ಮೊಳ ದೂರದಲ್ಲಿ, ಉಳಿ ಹಿಡಿದು ಸಾಲಾಗಿ ಗುಳಿ ತೋಡಿದ. ಒಂದೊಂದರಲ್ಲೂ ಒಣಮರದ ಬೆಣೆ ಬಿಗಿದ.

“ಈಗ ನಿನ್ನ ಕೆಲಸ. ಬೆಣೆಗೆ ನೀರು ಹುಯ್ತಾ ಇರು. ಮರ ಉಬ್ಬಿದ್ರೆ ಬಂಡೆ ತಾನಾಗೇ ಬಾಯಿ ಬಿಡುತ್ತೆ. ಗಿಡದ ಕಡೆ ಒಂದು ಹನೀನೂ ಹೋಗಬಾರದು.”

ಎರಡು ದಿನ ಅವಳು ಹೊತ್ತ ನೀರಿಗೆ ಕೆಳಗಿನ ಬಾವಿಯ ಕಪ್ಪೆಗಳು ಗಂಟುಮೂಟೆ ಕಟ್ಟಿದವಂತೆ. ಬಿಸಿಲಿಗೆ ಗಿಡ ತಲೆಬಾಗಿಸಿದಾಗ ಅವಳ ಕೈ ತಂತಾನೇ ಅತ್ತ ಹೋಗುತ್ತಿತ್ತು.

“ಕೈ!” ಎನ್ನುತ್ತಿದ್ದ ಭಾವ. ಕೈ ಹಿಂದೆ ಸರಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಬಂಡೆ ‘ಟಪ್’ ಎಂದಿತು. ಬಿರುಕು ಗೆರೆ ಎಳೆದಂತೆ ಓಡಿತು; ಓಡುತ್ತಾ ಓಡುತ್ತಾ ಗಿಡದ ಕಡೆಗೇ ತಿರುಗಿತು. ಚಿಗುರಕ್ಕ ಕಣ್ಣು ಮುಚ್ಚಿಕೊಂಡಳು.

“ಕಣ್ಣು ಬಿಡೇ, ಪುಕ್ಕಲಿ.”

ನಾಲ್ಕೇ ಬೆರಳು ದೂರದಲ್ಲಿ ಬಿರುಕು ಬಳಸಿಕೊಂಡು ಹೋಗಿತ್ತು.

ಆರು ಜನ ಸೇರಿ ಆ ಚಪ್ಪಡಿಯನ್ನು ಗಾಡಿಗೇರಿಸಿ ತಂದು ಅವಳ ಅಂಗಳದಲ್ಲಿ, ಬಿಸಿಲು ಬೀಳುವಲ್ಲಿ ಇಳಿಸಿದರು. ಸುತ್ತ ಜಲ್ಲಿ, ಕಲ್ಲುಪುಡಿ. ಮಣ್ಣಿಲ್ಲ, ಗೊಬ್ಬರವಿಲ್ಲ.

ಬೇಸಿಗೆ ಬಂತು. ಎಲೆ ಕಪ್ಪಾಗಿ ಸುರುಟಿತು, ಕಾಂಡ ಹುರಿಯಂತಾಯಿತು. ಒಂದು ದಿನ ತಡೆಯಲಾರದೆ ಕೊಡ ಎತ್ತಿಕೊಂಡಳು.

“ಹೇಗೂ ಸತ್ತೇ ಹೋಗಿದೆ, ನೀರು ಹಾಕಿಬಿಡು” ಎಂದಳು ಅಕ್ಕ.

ಚಿಗುರಕ್ಕ ಕೊಡ ಕೆಳಗಿಟ್ಟಳು. “ನೀರು ಹಾಕಿ ಮೂರು ಕೊಂದಿದೀನಿ ಕಣೇ. ಹಾಕದೆ ಒಂದನ್ನ ಕೊಂದ್ರೆ ಕೊಂದೆ.”

ಮೊದಲ ಮಳೆಯಾಗಿ ಎಂಟನೆಯ ದಿನ ಬುಡದಲ್ಲಿ ಸಾಸಿವೆ ಗಾತ್ರದ ಹಸಿರು. ತಿಂಗಳಲ್ಲಿ ಹೂವು. ಆ ಹೂವಿನ ಬಣ್ಣಕ್ಕೆ ಪಕ್ಕದ ಮನೆಯ ಬಿಳಿ ಬೆಕ್ಕು ವಾರವಿಡೀ ನೇರಳೆಯಾಗಿ ಓಡಾಡಿತಂತೆ. ಮರುವರ್ಷ ಜಲ್ಲಿಯ ನಡುವೆ ಹನ್ನೊಂದು ಸಸಿ.

ಅಷ್ಟರಲ್ಲಿ ರಸ್ತೆಯೂ ಆಗಿತ್ತು. ಗುಡ್ಡ ಕಡಿದ ಗೋಡೆಯಲ್ಲಿ ಬಿರುಕುಗಳು ಬೇಕಾದಷ್ಟಿದ್ದವು. ಭಾವ ಏಣಿ ಹಿಡಿದ. ಚಿಗುರಕ್ಕ ಮೇಲೆ ಹತ್ತಿ, ಕಂಡ ಕಂಡ ಸಂದಿಗೆಲ್ಲ ಚಿಟಿಕೆ ಚಿಟಿಕೆ ಬೀಜ ತುರುಕಿದಳು.

“ಇಲ್ಲೆಲ್ಲ ಹೂ ಬಂದ್ರೆ ನಾನು ಕಲ್ಲು ಎಲ್ಲಿ ಒಡೀಲೇ?”

“ಬೇರೆ ಗುಡ್ಡ ನೋಡ್ಕೊಳ್ಳಿ ಭಾವ. ಏಣಿ ಸ್ವಲ್ಪ ಆ ಕಡೆ ಸರಿಸಿ.”