ಕಟ್ಟೆ ಹತ್ತಿದವರು ಹೆಸರು ಹೇಳಬೇಕು

ರಾಜಗೋಪಾಲನಗರದ ನಮ್ಮ ಪಾರ್ಕಿನಲ್ಲಿ ಹೊಂಗೆ ಮರದ ಸುತ್ತ ಒಂದು ಸಿಮೆಂಟು ಕಟ್ಟೆ ಇದೆ. ಭಾನುವಾರ ಸಂಜೆ ಅದನ್ನು ಹತ್ತಿದವರು ಯಾರೇ ಆಗಲಿ, ತಮ್ಮ ಹೆಸರು ಹೇಳಿ ಒಂದು ಹಾಡು ಹಾಡಬೇಕು. ಕೆಳಗೆ ಕೂತವರು ನಗಬಾರದು. ಇದನ್ನು ಶುರು ಮಾಡಿದವರು ನಮ್ಮ ಯಜಮಾನರು ನರಸಿಂಹಯ್ಯ ಮತ್ತು ಅವರ ಜೊತೆ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದವರು.

ಅಯ್ಯೋ, ಏನು ದಿನಗಳವು! ವಾರವೆಲ್ಲ ಮೆಷಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದ ಗಂಡಸರು ಕಟ್ಟೆ ಹತ್ತಿದರೆ ಮೆತ್ತಗಾಗುತ್ತಿದ್ದರು. ನಾವು ಹೆಂಗಸರು ಕಡಲೆಪುರಿಗೆ ಈರುಳ್ಳಿ, ಕ್ಯಾರೆಟ್ ತುರಿ ಕಲಸಿ ತರುತ್ತಿದ್ದೆವು. ಒಮ್ಮೆ ಯಾರದೋ ಮನೆಗೆ ಬಂದಿದ್ದ ದೊಡ್ಡ ಆಫೀಸರು ಗೊತ್ತಿಲ್ಲದೆ ಕಟ್ಟೆ ಹತ್ತಿದರು. ಬಿಟ್ಟೆವಾ? ಪಾಪ, ಬೆವರೊರೆಸಿಕೊಂಡು ಮಂಗಳಾರತಿ ಹಾಡಿದರು. ಅವರು ಹೋಗುವವರೆಗೂ ಯಾರೂ ನಗಲಿಲ್ಲ, ಆಮೇಲಿನದು ಕೇಳಬೇಡಿ.

ಯಜಮಾನರು ಹೋದಮೇಲೂ ನಾನು ಮತ್ತು ಪಕ್ಕದ ಮನೆಯ ರಾಣಿ ಇದನ್ನು ನಿಲ್ಲಿಸಲಿಲ್ಲ. ಹಳಬರು ಈಗ ಕಡಿಮೆ. ಬಾಡಿಗೆಗೆ ಬಂದಿರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ನನ್ನ ಮೊಮ್ಮಗಳು ಸಮೀಕ್ಷಾ ಮಾತ್ರ ಒಂದು ಸಲವೂ ಕಟ್ಟೆ ಹತ್ತಿರಲಿಲ್ಲ. ಅವಳಿಗೆ ಮಾತು ತೊದಲುತ್ತದೆ. ಹಾಡುವಾಗ ಸರಾಗ, ಹೆಸರು ಹೇಳುವುದಕ್ಕೆ ಹೋದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಕೂಲಿನಲ್ಲಿ ಆಡಿಕೊಂಡು ನಗುತ್ತಾರೆಂದು ಹಾಜರಿ ಕೂಗಿದಾಗಲೂ ಬರೀ ಕೈ ಎತ್ತುತ್ತಾಳೆ. ಅಂಥವಳು ಕಳೆದ ಭಾನುವಾರ ತಾನೇ ಬಂದು, "ಅಜ್ಜಿ, ಇ... ಇವತ್ತು ನಾನೂ ಹಾಡ್ತೀನಿ" ಅಂದಳು. ಅವಳ ಕೈ ಹಿಡಿದುಕೊಂಡು ಹೊರಟೆ.

ಹೋಗಿ ನೋಡಿದರೆ ಕಟ್ಟೆಯ ಮೇಲೆ ಯಾವನೋ ಒಬ್ಬ. ಕೂದಲಿಗೆ ಬಣ್ಣ, ಎದುರಿಗೆ ಸ್ಟ್ಯಾಂಡಿನಲ್ಲಿ ಫೋನು, ಕಿವಿ ಕಿತ್ತುಹೋಗುವಂಥ ಸ್ಪೀಕರು. ಸೊಂಟ ಕುಣಿಸುತ್ತಾ ಪೋಲಿ ಪೋಲಿ ಮಾತಾಡುತ್ತಿದ್ದ. ತಾಯಂದಿರು ಮಕ್ಕಳ ಕೈ ಹಿಡಿದು ಎದ್ದು ಹೊರಟಿದ್ದರು.

"ರೀಲ್ಸ್ ಮಾಡ್ತಾನಂತೆ ಅಕ್ಕ, ಲಕ್ಷಗಟ್ಲೆ ಜನ ನೋಡ್ತಾರಂತೆ," ಎಂದಳು ರಾಣಿ. ನೋಡಲಿ! ಅವನಪ್ಪನ ಮನೆಯಲ್ಲಿ ಕುಣಿಯಲಿ!

ನಾನು ಬಾಯಿ ತೆರೆಯುವ ಮೊದಲೇ ಸಮೀಕ್ಷಾ ಅವನ ಹತ್ತಿರ ಹೋಗಿ, "ಅ... ಅ... ಅಣ್ಣ, ಸ್ವಲ್ಪ ಜಾಗ..." ಎಂದಳು.

ಅವನು ಫೋನಿನ ಕಡೆ ತಿರುಗಿ, "ಅ... ಅ... ಅಣ್ಣ ಅಂತೆ ಗುರೂ! ಸಕ್ಕತ್ ಕಂಟೆಂಟು!" ಎಂದು ಹಲ್ಲು ಕಿಸಿದ.

ಮಗು ಓಡಿಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆ ಎರಡು ಬಿಗಿಯೋಣ ಅಂತಲೇ ಹೋದೆ. ಹೋಗಿ ಮೊದಲು ಸ್ಪೀಕರು ಆರಿಸಿದೆ.

"ಏನಜ್ಜಿ, ಪಬ್ಲಿಕ್ ಪಾರ್ಕು ಇದು," ಎಂದ.

"ಹೌದಪ್ಪ, ಅದಕ್ಕೇ ಹೇಳ್ತಿರೋದು. ಪಬ್ಲಿಕ್ ಅಂದ್ರೆ ನಿನ್ನೊಬ್ಬನದಲ್ಲ. ಭಾನುವಾರ ಈ ಕಟ್ಟೆ ಹತ್ತಿದೋರು ಹೆಸ್ರು ಹೇಳಿ ಹಾಡ್ಬೇಕು. ಹಾಡು, ಆಮೇಲೆ ಇಳಿ."

ಅವನು ತನ್ನ ಚಾನೆಲ್ಲಿನ ಹೆಸರು ಹೇಳಿದ.

"ಅದಲ್ಲ ಕಣೋ, ನಿಮ್ಮಮ್ಮ ಇಟ್ಟಿರೋ ಹೆಸ್ರು."

ಹೊರಟಿದ್ದ ತಾಯಂದಿರು ನಿಂತರು. ಒಬ್ಬೊಬ್ಬರಾಗಿ ವಾಪಸು ಬಂದು ಹುಲ್ಲಿನ ಮೇಲೆ ಕೂತರು. ಅವನು ತಮಾಷೆ ಮಾಡಲು ನೋಡಿದ, ಯಾರೂ ನಗಲಿಲ್ಲ. "ವಿಶ್ರುತ್," ಎಂದು ಗೊಣಗಿದ.

"ಜೋರಾಗಿ ಹೇಳಪ್ಪ," ಎಂದಳು ರಾಣಿ.

"ವಿ... ವಿಶ್ರುತ್."

ಎರಡು ಸಾಲು ಹಾಡುವಷ್ಟರಲ್ಲಿ ರಾಗ ಒಂದು ಕಡೆ, ಧ್ವನಿ ಒಂದು ಕಡೆ. ಮುಂದಿನ ಸಾಲು ಮರೆತೇಹೋಗಿ ಪೆಚ್ಚಾಗಿ ನಿಂತ. ಲಕ್ಷ ಜನರಿಗೆ ಕುಣಿದು ತೋರಿಸುವವನು ನಮ್ಮ ಪುಟ್ಟ ಗುಂಪಿಗೆ ಹೆದರಿಬಿಟ್ಟ. ನನಗೆ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಆದರೂ ತಡೆದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಮೀಕ್ಷಾ ಕೂಡ ಸೆರಗಿನಿಂದ ಹೊರಬಂದು ತಟ್ಟಿದಳು.

ಅದನ್ನು ಅವನು ನೋಡಿದ. ಇಳಿದು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಸಾರಿ ಪುಟ್ಟಿ. ಡಿಲೀಟ್ ಮಾಡ್ತೀನಿ, ನೀನೇ ನೋಡು," ಎಂದು ವಿಡಿಯೊ ಅಳಿಸಿದ. ಫೋನು ಜೇಬಿಗೆ ಹಾಕಿ, ಎಲ್ಲರ ಜೊತೆ ಹುಲ್ಲಿನ ಮೇಲೆ ಕೂತ.

ಸಮೀಕ್ಷಾ ಕಟ್ಟೆ ಹತ್ತಿದಳು.

"ಸ... ಸ... ಸ..."

ಅಷ್ಟೇ. ಅವಳ ಕಣ್ಣು ತುಂಬಿಕೊಂಡವು. ಓಡಿಹೋಗಿ ಎತ್ತಿಕೊಳ್ಳೋಣ ಅನ್ನಿಸಿತು. ರಾಣಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಯಾರೂ ಕೆಮ್ಮಲಿಲ್ಲ, ಯಾರೂ ಮುಂದಿನ ಅಕ್ಷರ ಎತ್ತಿಕೊಡಲಿಲ್ಲ. ಆ ವಿಶ್ರುತ್ ಕೂಡ ತುಟಿ ಕಚ್ಚಿಕೊಂಡು ಕೂತಿದ್ದ.

"ಸಮೀಕ್ಷಾ! ನರಸಿಂಹಯ್ಯನವರ ಮೊಮ್ಮಗಳು!"

ಪಾರ್ಕಿನ ಗೇಟಿನವರೆಗೂ ಕೇಳಿಸಿತು. ಇದನ್ನು ಕೇಳುವುದಕ್ಕೆ ಅವರು ಇರಬೇಕಿತ್ತು ಅನ್ನಿಸಿ ನಾನು ಗೊಳೋ ಎಂದು ಅತ್ತುಬಿಟ್ಟೆ. ಆ ಅಳುವಿನಲ್ಲಿ ಅವಳ ಹಾಡು ನನ್ನ ಕಿವಿಗೆ ಬೀಳಲೇ ಇಲ್ಲ. ಮನೆಗೆ ಹೋಗಿ ವಿಡಿಯೊದಲ್ಲಾದರೂ ನೋಡೋಣವೆಂದು ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ತೆಗೆದಿರಲಿಲ್ಲ.