ಸಾವಿರದ ಮುನ್ನೂರ ಇಪ್ಪತ್ತು ಪೌಂಡಿನೊಳಗೆ

ಆ ವರ್ಷ ವೆರ್ಲಿನ್ ಟೀಗ್ಸ್ ಕೊಳ್ಳಲೆಂದು ನೋಡಲು ಹೋದ ಆರನೆಯ ವಿಮಾನವದು. ಅಯೋವಾದಿಂದ ನೆಬ್ರಾಸ್ಕಾಕ್ಕೆ ಐದು ಗಂಟೆಯ ದಾರಿ. ಜೊತೆಗೆ ಮೆಕ್ಯಾನಿಕ್ ಗೆಳೆಯ ಡೆಲ್ಬರ್ಟ್.

ಎಪ್ಪತ್ಮೂರರ ವೆರ್ಲಿನ್‌ಗೆ ಸರ್ಕಾರಿ ವೈದ್ಯಕೀಯ ತಪಾಸಣೆಯೆಂದರೆ ಹೆದರಿಕೆ. ಅದರಲ್ಲಿ ಫೇಲಾದರೆ ಹಾರಾಟವೇ ಮುಗಿಯಿತು. ಹಗುರ ವಿಮಾನವಾದರೆ ಆ ತಪಾಸಣೆ ಬೇಡ, ಕಾರಿನ ಲೈಸೆನ್ಸೇ ಸಾಕು. ಆದರೆ ಕಾನೂನೋ, ಸೊಸೆ ಹುಡುಕುವ ಅತ್ತೆಯ ಹಾಗೆ: ವಿಮಾನ ಹೊತ್ತು ಹಾರಲು ಒಪ್ಪಿಗೆ ಪಡೆದ ಒಟ್ಟು ತೂಕ ಸಾವಿರದ ಮುನ್ನೂರ ಇಪ್ಪತ್ತು ಪೌಂಡ್ ದಾಟಬಾರದು, ಹುಟ್ಟಿದಾಗಿನಿಂದ ಒಮ್ಮೆಯೂ, ಕಾಗದದ ಮೇಲೂ ದಾಟಿರಬಾರದು. ಹಿಂದೆ ನೋಡಿದ ಐದರಲ್ಲಿ ನಾಲ್ಕು ಈ ತೂಕದ ಲೆಕ್ಕದಲ್ಲೇ ಕೈತಪ್ಪಿದವು. ಐದನೆಯದರ ದಾಖಲೆ ಪುಸ್ತಕವನ್ನು ಇಲಿ ತಿಂದಿತ್ತು.

೧೯೪೬ರಲ್ಲಿ ತಯಾರಾದ ಈ ಎರ್ಕೂಪ್ ವಿಮಾನ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ನಮ್ಮನೆಯವರು ಹೋದ್ಮೇಲೂ ಮಗು ಥರ ನೋಡ್ಕೊಂಡಿದೀನಿ. ಒಂದು ಹಾಳೇನೂ ಕಳ್ದಿಲ್ಲ," ಎಂದು ಒಡತಿ ಲಾವೊನ್ ಪುಸ್ತಕಗಳನ್ನು ಡೆಲ್ಬರ್ಟ್‌ನ ಕೈಗಿಟ್ಟಳು.

ವೆರ್ಲಿನ್ ಒಳಗೆ ಕೂತು ಚುಕ್ಕಾಣಿ ಹಿಡಿದ. "ಇದೇ ಕಣೋ! ಬೆಳಿಗ್ಗೆ ಎದ್ದು ನಾನೊಬ್ನೇ ಹಾರ್ತೀನಿ, ಯಾವನ ಅಪ್ಪಣೇನೂ ಬೇಡ."

ಡೆಲ್ಬರ್ಟ್ ಪುಸ್ತಕದ ಒಂದು ಹಾಳೆಯ ಮೇಲೆ ಬೆರಳಿಟ್ಟು ನಿಂತಿದ್ದ.

"ಯಾಕೋ? ತೂಕಾನಾ?"

"ಅರವತ್ತೊಂಬತ್ತನೇ ಇಸ್ವೀಲಿ ಸಾವಿರದ ನಾನೂರಕ್ಕೆ ಏರ್ಸಿದಾರೆ."

"ಯಾವ ಕತ್ತೆ ಏರ್ಸಿದ್ದು?"

ಡೆಲ್ಬರ್ಟ್ ಪುಸ್ತಕ ಅವನತ್ತ ತಿರುಗಿಸಿದ. ಸಹಿ ಡೆಲ್ಬರ್ಟ್‌ನದೇ.

"ಆ ಬೇಸಿಗೆ ಇಂಥವು ಮೂವತ್ತು ಮಾಡಿದ್ದೆ ಮಾರಾಯ, ಇದೂ ಅದ್ರಲ್ಲೊಂದು ಅನ್ನೋದು ಮರ್ತೇ ಹೋಗಿತ್ತು. ಎಲ್ರಿಗೂ ಇನ್ನೊಂದು ಸೂಟ್‌ಕೇಸ್ ಹೊರ್ಬೇಕು ಅನ್ನೋ ಹುಚ್ಚು. ಒಂದು ತಗಡು ಬದಲಾಯ್ಸು, ಒಂದು ಫಾರಂ ತುಂಬ್ಸು, ಮುಗೀತು."

"ಹಾಗಾದ್ರೆ ಇಳ್ಸು! ಇನ್ನೊಂದು ಸಹಿ ಜಡಿ!"

"ಇಳಿಸ್ಬೋದು. ಆದ್ರೆ ಒಂದ್ಸಲ ಏರಿದ್ದು ಏರಿದ ಹಾಗೇನೇ."

"ಅಲ್ಲಯ್ಯಾ, ಮೂವತ್ತು ವಿಮಾನ ಕೆಡ್ಸಿಟ್ಟು, ಅದನ್ನ ತೋರ್ಸೋಕೆ ನನ್ನನ್ನ ಊರೂರು ತಿರುಗಿಸ್ತಿದೀಯಲ್ಲ!" ವೆರ್ಲಿನ್ ಮಾರಾಟಕ್ಕಿದ್ದ ವಿಮಾನಗಳ ಪಟ್ಟಿಯನ್ನು ಜೇಬಿನಿಂದ ತೆಗೆದು ರೆಕ್ಕೆಯ ಮೇಲೆ ಬಡಿದ. "ಉಳ್ದಿರೋದು ನಾಲ್ಕು. ನೀನು ಕೈ ಹಾಕಿರೋದನ್ನ ಹೊಡ್ದು ಹಾಕು."

ಡೆಲ್ಬರ್ಟ್ ತಲೆ ತಗ್ಗಿಸಿ ಒಂದು ಹೊಡೆದ. ಇನ್ನೊಂದು. ಮತ್ತೊಂದು. ಕೊನೆಯದರ ಮೇಲೆ ಪೆನ್ನು ನಿಂತಿತು.

"ಇದು ಆಯ್ವರ್ ಸ್ಕಾಗನ್‌ದು. ತೂಕ ಏರ್ಸೋಕೆ ಅಂತ ನನ್ನ ಹತ್ರ ಬಂದಿದ್ದ. ರೇಟು ಕೇಳಿ, ನನ್ನನ್ನ ಕಳ್ಳ ಅಂತ ಬೈದು ಹೊರಟೇ ಹೋದ. ಮಹಾ ಜಿಪುಣ. ಬೇರೆಯವನ ಹತ್ರಾನೂ ಮಾಡ್ಸಿರಲ್ಲ."

ವೆರ್ಲಿನ್ ಆಗಲೇ ಫೋನ್ ಒತ್ತುತ್ತಿದ್ದ. ಆ ಕಡೆಯಿಂದ ಒಂದು ಮುದಿ ಗಂಟಲು ಗುರುಗುಟ್ಟಿತು: "ವಿಮಾನ ಇದೆ. ಕೊಂಡಾಗ ಹೇಗಿತ್ತೋ ಹಾಗೇ ಇದೆ. ಮಾರೋಕೆ ಅಂತ ನಾನೇನೂ ಮಾಡ್ಸಿ ಕೊಡಲ್ಲ, ಈಗ್ಲೇ ಹೇಳ್ಬಿಟ್ಟೆ!"

"ಬೇಡಿ ಸ್ವಾಮಿ!" ವೆರ್ಲಿನ್ ಕೂಗಿದ. "ದಯವಿಟ್ಟು ಏನೂ ಮಾಡಿಸ್ಬೇಡಿ!"